ಫೋಲ್ಡರಿನಾಗ ಯಾರು ಕುಂತಾರ?

ಇಲ್ಲಿ ಬರೆದ ಒಂದೊಂದು ಮಾತೂ ಖರೇ. ನಮ್ಮ ಮನೆದೇವರು ಸನ್ನತಿ ತಾಯಿಯ ಆಣೆ ಮಾಡಿಯೇ ಶುರು ಮಾಡುತ್ತೇನೆ, ಯಾಕಂದರೆ ನಾನು ಹೇಳಿದ್ದನ್ನು ನಮ್ಮ ಮನೆಯವರೇ ನಂಬುವುದಿಲ್ಲ. ಏನು ಮಾಡುವುದು, ಇಂಥವೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ.

ತೊಂಬತ್ತರ ದಶಕದ ಕೊನೆಗೆ ವಾಡಿ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ಇನ್‌ಚಾರ್ಜ್. ದಿನಾ ಶಹಾಬಾದಿನಿಂದ ಪ್ಯಾಸೆಂಜರ್ ಗಾಡಿಗೆ ಹೋಗುತ್ತಿದ್ದೆ. ಇಡೀ ಆಫೀಸಿನಲ್ಲಿ ಏ.ಸಿ. ಇದ್ದದ್ದು ಎರಡೇ ಕೋಣೆಗೆ. ಒಂದು ಮ್ಯಾನೇಜರ್ ಸಾಹೇಬರದು, ಇನ್ನೊಂದು ನನ್ನದು. ನನ್ನ ಕೋಣೆಯ ಏ.ಸಿ. ನನಗಲ್ಲ, ದೊಡ್ಡ ಕಂಪ್ಯೂಟರಿಗೆ ಹಾಕಿಸಿದ್ದು. ಆದರೆ ಗಾಳಿಗೆ ಅದೇನು ಗೊತ್ತು? ಹೊರಗೆ ಬಂಡೆ ಕಾದು ಸಿಡಿಯುವಂಥ ವಾಡಿ ಬಿಸಿಲು, ಒಳಗೆ ನಾನು ಶಾಲು ಹೊದ್ದುಕೊಂಡು ಕುಂತಿರುತ್ತಿದ್ದೆ. ಆ ಕುರ್ಚಿಯ ಮೇಲೆ ಎಲ್ಲರ ಕಣ್ಣು ಇತ್ತು ಎಂಬುದನ್ನು ಮರೆಯಬೇಡಿ.

ಆ ದೊಡ್ಡ ಕಂಪ್ಯೂಟರಿನೊಳಗೆ ಎಲ್ಲರಿಗೂ ಸೇರಿ ಒಂದು ಫೋಲ್ಡರ್ ಇತ್ತು. ಆಫೀಸಿಗೆಲ್ಲ ಒಂದೇ ಕಪಾಟು ಇದ್ದ ಹಾಗೆ. ಯಾರು ಬೇಕಾದರೂ ತಮ್ಮ ತಮ್ಮ ಟೇಬಲ್ಲಿನಿಂದಲೇ ಅದನ್ನು ತೆಗೆಯಬಹುದು. ತೊಡಕು ಒಂದೇ: ಒಂದು ಫೈಲನ್ನು ಒಬ್ಬರು ತೆಗೆದು ಕುಂತರೆ ಉಳಿದವರು ಅದನ್ನು ನೋಡಬಹುದು, ತಿದ್ದುವಂತಿಲ್ಲ. ‘ಬೇರೆಯವರು ತೆಗೆದಿದ್ದಾರೆ’ ಎನ್ನುತ್ತಿತ್ತು ಕಂಪ್ಯೂಟರು. ಆ ಬೇರೆಯವರು ಯಾರು ಅಂತ ಹೇಳುತ್ತಿರಲಿಲ್ಲ.

೧. ವಾಯರ್ ಕೀಳುವ ಪದ್ಧತಿ

ಮೊದಮೊದಲು ನಾನು ಆಫೀಸಿನ ನಡುವೆ ನಿಂತು ಕೇಳುತ್ತಿದ್ದೆ, “ಫೋಲ್ಡರಿನಾಗ ಯಾರು ಕುಂತೀರಿ? ಹೊರಗ ಬರ್ರಿ.” ಎಲ್ಲರೂ ಕುರ್ಚಿ ಬಿಟ್ಟು ವರಾಂಡಕ್ಕೆ ಬಂದು ನಿಲ್ಲುತ್ತಿದ್ದರು. ಫೈಲ್ ಮಾತ್ರ ತೆಗೆದೇ ಇರುತ್ತಿತ್ತು.

ಆಗ ನಾನೇ ಒಂದು ಪದ್ಧತಿ ಕಂಡುಹಿಡಿದೆ. ಎಲ್ಲರ ವಾಯರೂ ಬಂದು ಸೇರುವ ಪೆಟ್ಟಿಗೆ ನನ್ನ ಕೋಣೆಯಲ್ಲಿತ್ತು. ಒಂದೊಂದೇ ವಾಯರ್ ಕೀಳುವುದು. ಯಾವುದನ್ನು ಕಿತ್ತಾಗ ಯಾರು ಕೂಗುತ್ತಾರೋ ಅವರೇ ಕುಂತವರು. ಒಂದನೇ ವಾಯರು, ಸುಮ್ಮನೆ. ಎರಡನೇದು, ಸುಮ್ಮನೆ. ಮೂರನೇದು ಕಿತ್ತೆ, ಕೂಗು ಬಂತು. ಬಂದದ್ದು ಮ್ಯಾನೇಜರ್ ಸಾಹೇಬರ ಕೋಣೆಯಿಂದ. ಬೆಳಿಗ್ಗೆಯಿಂದ ಬರೆದ ಪತ್ರ ಹೋಗಿತ್ತು.

ಅವತ್ತೇ ಒಂದು ಸರ್ಕ್ಯುಲರ್ ಹೊರಟಿತು: ಇನ್ನು ಮುಂದೆ ಯಾರ ವಾಯರನ್ನೂ ಕೀಳತಕ್ಕದ್ದಲ್ಲ. ಅದನ್ನು ಟೈಪ್ ಮಾಡಿ ಫೋಲ್ಡರಿನ ಸರ್ಕ್ಯುಲರ್ ಫೈಲಿಗೆ ಹಾಕುವ ಕೆಲಸ ನನಗೇ ಬಂತು. ಹಾಕಲಿಕ್ಕೆ ಆಗಲಿಲ್ಲ, ಯಾರೋ ಒಳಗೆ ಕುಂತಿದ್ದರು.

೨. ಪರದೆ ಸುಳ್ಳು ಹೇಳುವುದಿಲ್ಲ

ಒಂದು ದಿನ ಸುಮ್ಮನೆ ಅಲ್ಲಿ ಇಲ್ಲಿ ಒತ್ತುತ್ತಾ ಕುಂತಾಗ ಒಂದು ಪರದೆ ತೆರೆಯಿತು. ಫೋಲ್ಡರಿನಲ್ಲಿ ಯಾರು ಯಾರಿದ್ದಾರೆ, ಯಾವ ಕಂಪ್ಯೂಟರಿನಿಂದ ಬಂದಿದ್ದಾರೆ, ಎಷ್ಟು ಹೊತ್ತಿನಿಂದ ಇದ್ದಾರೆ, ಎಲ್ಲ ಸಾಲುಸಾಲಾಗಿ ಬರೆದಿತ್ತು, ಯಾರು ಯಾವ ಫೈಲ್ ತೆಗೆದಿದ್ದಾರೆ ಎಂಬುದೊಂದು ಬಿಟ್ಟು. ಅದನ್ನು ನಾನು ಯಾರಿಗೂ ತೋರಿಸಲಿಲ್ಲ. ಅಂಥ ತಪ್ಪು ಮಾಡುವ ಮನುಷ್ಯ ನಾನಲ್ಲ.

ಇಂಟರ್‌ಕಾಮಿನಲ್ಲಿ ಸ್ಟೋರ್ ಕೀಪರಿಗೆ ಹಚ್ಚಿದೆ. ಚಿಂಚೋಳಿ ಕಡೆಯ ಭಾಳ ಸಂಭಾವಿತ ಮನುಷ್ಯ, ತೆಗೆಯುವುದು ಸಾಮಾನಿನ ಲಿಸ್ಟ್ ಒಂದೇ.

“ಏನ್ರಿ, ಸಾಮಾನಿನ ಲಿಸ್ಟ್ ತಗದು ನಲವತ್ತು ನಿಮಿಷ ಆತು. ಮುಚ್ರಿ ಇನ್ನ.”

ಪರದೆಯಿಂದ ಅವನ ಸಾಲು ಅಳಿಯಿತು. ಆಮೇಲೆ ಮೆಲ್ಲಗೆ, “ನಿಮಗ ಹ್ಯಾಂಗ ಕಾಣ್ತದ್ರಿ?”

“ಎಲ್ಲಾ ಕಾಣ್ತದ. ಪರದೆ ಸುಳ್ಳು ಹೇಳಂಗಿಲ್ಲ.”

ಸಂಜೆಯೊಳಗೆ ಸುದ್ದಿ ಆಫೀಸೆಲ್ಲ ತಿರುಗಿತ್ತು. ಮರುದಿನದಿಂದ ಟೈಪಿಸ್ಟ್ ಅಕ್ಕಾವ್ರು ಕಂಪ್ಯೂಟರ್ ಚಾಲೂ ಮಾಡುವ ಮೊದಲು ಸೆರಗು ಸರಿ ಮಾಡಿಕೊಳ್ಳತೊಡಗಿದರು. ಸ್ಟೋರ್ ಕೀಪರ್ ಕಂಪ್ಯೂಟರಿಗೆ ಬೆನ್ನು ಮಾಡಿ ಕುಂತು ರೊಟ್ಟಿ ತಿನ್ನತೊಡಗಿದ. ಒಂದು ದಿನ ನನ್ನ ಕೋಣೆಗೆ ಬಂದು, ಸುತ್ತ ನೋಡಿ ಕೇಳಿದ, “ನಿನ್ನೆ ಪುಂಡಿಪಲ್ಯಾ ಕಟ್ಕೊಂಡ್ ಬಂದಿದ್ದೆ. ಅದೂ ಕಾಣಸ್ತದೇನ್ರಿ?”

“ಪಲ್ಯಾ ಕಾಣಸ್ತದ. ಖಾರ ಎಷ್ಟದ ಅಂತ ಕಾಣಸಂಗಿಲ್ಲ,” ಅಂದೆ.

ಅವತ್ತಿನಿಂದ ನನಗೂ ಒಂದು ಡಬ್ಬಿ ತರತೊಡಗಿದ.

೩. ಏಳು ಕಡೆ ಟೈಮ್ ಕೀಪರ್

ಹಾಜರಿ ನೋಡುವ, ಪಾಳಿ ಹಚ್ಚುವ ಟೈಮ್ ಕೀಪರ್ ಚಿತ್ತಾಪುರದಾಂವ. ಕಂಪ್ಯೂಟರ್ ಬಂದಾಗ ಮೊದಲು ಕಲಿತಾಂವ ಅವನೇ. ಕಲಿಸಲು ಬಂದ ಮಾಸ್ತರು ಅವನ ಹೆಸರು, ಅವನ ಪಾಸ್‌ವರ್ಡ್ ಹಾಕಿ ತೋರಿಸಿದ್ದರು. ನೋಡಿದವರೆಲ್ಲ ಅದನ್ನೇ ಬರೆದುಕೊಂಡರು. ಕಂಪ್ಯೂಟರ್ ಚಾಲೂ ಆಗಬೇಕಾದರೆ ಟೈಮ್ ಕೀಪರನ ಹೆಸರನ್ನೇ ಹಾಕಬೇಕು ಎಂದು ಇಡೀ ಆಫೀಸು ತಿಳಿದಿತ್ತು. ನನ್ನನ್ನು ಬಿಟ್ಟರೆ ತನ್ನದೇ ಹೆಸರು ಹಾಕುತ್ತಿದ್ದಾಂವ ಸ್ಟೋರ್ ಕೀಪರ್ ಒಬ್ಬನೇ, ಯಾಕಂದರೆ ಅವತ್ತು ಅಂವ ಕ್ಲಾಸಿಗೆ ಬಂದಿರಲಿಲ್ಲ.

ಒಂದು ದಿನ ಸಾಹೇಬರೇ ನನ್ನ ಕೋಣೆಗೆ ಬಂದು, “ನಿಮ್ಮ ಪರದೆ ತೋರಸ್ರಿ,” ಅಂದರು. ತೋರಿಸಿದೆ. ನನ್ನದು, ಸ್ಟೋರ್ ಕೀಪರನದು ಬಿಟ್ಟರೆ ಏಳು ಸಾಲು, ಏಳರಲ್ಲೂ ಟೈಮ್ ಕೀಪರ್.

“ಕಂಪ್ಯೂಟರಿನ ನಂಬರ್ ಅದ ಅಲ್ರಿ, ಅದರ ಮ್ಯಾಲ ಹೇಳ್ರಿ, ಯಾರು ಯಾರು ಅಂತ.”

“ಸರ್, ಬ್ಯಾಸಗಿದಾಗ ನಂಬರ್ ಪ್ರಕಾರ ಯಾರೂ ಕುಂದ್ರಂಗಿಲ್ಲ. ಫ್ಯಾನ್ ಪ್ರಕಾರ ಕುಂದ್ರತಾರ.”

“ಟೈಮ್ ಕೀಪರ್ ಎಲ್ಲಿ?”

“ಮನೆಮಂದಿ ಕರ್ಕೊಂಡು ಸನ್ನತಿಗೆ ಹೋಗ್ಯಾನ್ರಿ. ರಜಾದ ಮ್ಯಾಲ ಇದ್ದಾನ.”

ಮರುದಿನ ಟೈಮ್ ಕೀಪರ್ ಬಂದ. ಕೈಯಲ್ಲಿ ಪ್ರಸಾದದ ಜೊತೆಗೆ ಒಂದು ಅರ್ಜಿ: ‘ಸದರಿ ದಿನ ನಾನು ಏಳು ಕಂಪ್ಯೂಟರಿನಲ್ಲಿ ಕೆಲಸ ಮಾಡಿದ್ದು ದಾಖಲೆಯಲ್ಲಿ ಇರುವುದರಿಂದ, ನನ್ನ ಒಂದು ದಿನದ ರಜೆ ವಾಪಸು ಕೊಟ್ಟು, ಉಳಿದ ಆರಕ್ಕೆ ಬದಲಿ ರಜೆ ಮಂಜೂರು ಮಾಡಬೇಕು.’

ಸಾಹೇಬರು ಓದಿ, ಪ್ರಸಾದ ಮಾತ್ರ ಇಟ್ಟುಕೊಂಡರು.

೪. ಕಾಟಾದ ಮನುಷ್ಯ

ಆಮೇಲೆ ಎಲ್ಲರಿಗೂ ಅವರವರ ಹೆಸರು ಬಂತು. ಮಾಡಿಕೊಟ್ಟಾಂವ ನಾನೇ.

ಮುಂದಿನ ಮೇ ತಿಂಗಳು. ಮಧ್ಯಾಹ್ನ ಟೈಮ್ ಕೀಪರ್ ಕನ್ನಡಕ ಹಣೆಗೇರಿಸಿಕೊಂಡು ಓಡಿ ಬಂದ.

“ಕಾಕಾ, ಪಾಳಿ ಪಟ್ಟಿ ಯಾರೋ ತಗದು ಕುಂತಾರ. ತಿದ್ದಲಿಕ್ಕೆ ಕೊಡವಲ್ಲದು. ನಾಲ್ಕಕ್ಕ ಪಾಳಿ ಬದಲಿಯ ಭೋಂಗಾ ಕೂಗೂದ್ರಾಗ ಗೇಟಿಗೆ ಹಚ್ಚಬೇಕು. ಇಲ್ಲಂದ್ರ ಯಾರು ಯಾವ ಪಾಳಿಗೆ ಬರಬೇಕು, ಯಾರಿಗೂ ಗೊತ್ತಾಗಂಗಿಲ್ಲ.”

ಅವನ ಹಿಂದೆಯೇ ಸಾಹೇಬರು. “ಸಂಪರ್ಕ ಕಡೀಬ್ಯಾಡ್ರಿ, ಯಾರು ಏನು ತಿದ್ದ್ಯಾರೋ, ಹೋದೀತು. ಯಾರು ಅಂತ ಹುಡಕ್ರಿ. ನಾಲ್ಕರೊಳಗ ಸಿಗಲಿಲ್ಲಂದ್ರ ನಾಳಿಂದ ನೀವು ಕಾಟಾಕ್ಕ ಹೋಗ್ರಿ. ಈ ಕುರ್ಚಿಗೆ ಬ್ಯಾರೆಯವರು ಬರ್ತಾರ.”

ಕಾಟಾ ಎಂದರೆ ಖಣಿಯ ಬಾಯಿಗೆ ಇದ್ದ, ಲಾರಿ ತೂಗುವ ಜಾಗ. ತಗಡಿನ ಶೆಡ್ಡು, ಬಿಸಿಲು, ಬಾಯಿ ತೆಗೆದರೆ ಕಲ್ಲಿನ ಧೂಳು.

ನಾನು ಹೆದರಲಿಲ್ಲ. ಪರದೆ ತೆಗೆದೆ. ಹತ್ತಿಪ್ಪತ್ತು ಹೆಸರು. ನನ್ನ ಹೆಸರೂ ಇತ್ತು. “ಅದು ಯಾವಾಗ್ಲೂ ಇರ್ತದ, ಅದನ್ನ ಬಿಟ್ಟು ನೋಡಬೇಕು,” ಎಂದು ಎಲ್ಲರಿಗೂ ತಿಳಿಸಿ ಹೇಳಿದೆ. ಆಮೇಲೆ ಬರೆದದ್ದನ್ನು ಉಳಿಸಿಕೊಳ್ಳಲು ಹೇಳಿ ಎಲ್ಲರ ಕಂಪ್ಯೂಟರ್ ಬಂದ್ ಮಾಡಿಸಿದೆ. ಟೈಪಿಸ್ಟ್ ಅಕ್ಕಾವ್ರು, ಸ್ಟೋರ್ ಕೀಪರ್, ಕೊನೆಗೆ ಸಾಹೇಬರದೂ ಸಹ. ಒಂದೊಂದೇ ಹೆಸರು ಅಳಿಯುತ್ತಾ ಹೋಯಿತು.

ಕೊನೆಗೆ ಉಳಿದದ್ದು ಎರಡು ಸಾಲು. ಎರಡೂ ನನ್ನ ಹೆಸರೇ. ಒಂದು ಈ ಕೋಣೆಯ ಕಂಪ್ಯೂಟರಿನದು. ಇನ್ನೊಂದು ಕಾಟಾದ್ದು.

ಆಗ ನೆನಪಾಯಿತು. ಬೆಳಿಗ್ಗೆ ಪ್ರಿಂಟರ್ ನೋಡಲು ಕಾಟಾಕ್ಕೆ ಹೋಗಿದ್ದೆ. ಅಲ್ಲಿಯ ಗುಮಾಸ್ತನಿಗೆ, “ಎಲ್ಲಿ ಕುಂತ್ರೂ ನನಗ ಎಲ್ಲಾ ಕಾಣ್ತದ, ನೋಡು,” ಎಂದು ನನ್ನ ಹೆಸರು ಹಾಕಿ ಪಾಳಿ ಪಟ್ಟಿ ತೆಗೆದು ತೋರಿಸಿದ್ದೆ. ಅಷ್ಟರಲ್ಲಿ ಚಹಾ ಬಂತು. ಕುಡಿದು ಎದ್ದು ಬಂದೆ. ಗುಮಾಸ್ತ ದಿನದ ರೂಢಿಯಂತೆ ಧೂಳು ಕೂಡಬಾರದೆಂದು ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿದ್ದ. ಟವೆಲ್ಲಿನ ಕೆಳಗೆ ಪಾಳಿ ಪಟ್ಟಿ ತೆಗೆದೇ ಇತ್ತು.

ನಾನು ಎದ್ದು ನಿಂತು, ಎದೆ ಮುಂದೆ ಮಾಡಿ, ಒಪ್ಪಿಕೊಂಡೆ. “ಸರ್, ಆ ಮನುಷ್ಯಾ ನಾನೇ.”

ಸಾಹೇಬರಿಗೆ ಸಿಟ್ಟು ಬರಲಿಲ್ಲ. ಮೆಲ್ಲಗೆ ಕೇಳಿದರು, “ನೀವು ಈಗ ಎಲ್ಲಿದ್ದೀರಿ ಅಂತ ತೋರಸ್ತದ ಪರದೆ?”

“ಕಾಟಾದಾಗ, ಸರ್.”

“ಪರದೆ ಸುಳ್ಳು ಹೇಳಂಗಿಲ್ಲ ಅಲ್ಲೇನ್ರಿ? ನಡೀರಿ ಮತ್ತ.”

ಪಟ್ಟಿ ಭೋಂಗಾ ಆಗುವುದರೊಳಗೆ ಗೇಟಿಗೆ ಹತ್ತಿತು. ಮೇ ತಿಂಗಳು ಪೂರಾ ನಾನು ಕಾಟಾದಲ್ಲಿದ್ದೆ. ಸ್ಟೋರ್ ಕೀಪರ್ ಅಲ್ಲಿಗೂ ಡಬ್ಬಿ ಕಳಿಸುತ್ತಿದ್ದ. ನನ್ನ ಕುರ್ಚಿಯಲ್ಲಿ, ನನ್ನದೇ ಶಾಲು ಹೊದ್ದು, ಟೈಮ್ ಕೀಪರ್ ಕುಂತಿದ್ದ.

ಇಷ್ಟೂ ಖರೇ. ಒಂದೇ ಒಂದು ಸಣ್ಣ ವಿಷಯ ನಾನು ಕೈಯಿಂದ ಹಾಕಿದ್ದು, ತಾಯಿ ಕ್ಷಮಿಸಬೇಕು. ಎದ್ದು ನಿಂತು ಒಪ್ಪಿಕೊಂಡೆ ಅಂದೆನಲ್ಲ, ಅದು. ಸಾಹೇಬರು ಯಾರು ಅಂತ ಕೇಳಿದಾಗ ನಾನು ಹೇಳಿದ್ದು ಟೈಮ್ ಕೀಪರನ ಹೆಸರು. ಅಂವ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದ, ಕನ್ನಡಕ ಹಣೆಯಿಂದ ಇಳಿಸಿ ಪರದೆಯ ಎರಡೂ ಸಾಲು ಗಟ್ಟಿಯಾಗಿ ಓದುತ್ತಾ.