ಸಕ್ಕರಿ ಅಚ್ಚಿನ ಆನಿ

"ಬೀರಪ್ಪನಾಣೆ, ಈ ಗೌರಿ ಹುಣ್ಣಿವಿ ಒಳಗ ಹೊಳ್ಯಾಗಿನ ಎಲ್ಲಾಕಿಂತ ದೊಡ್ಡ ಬಾಳಿ ಮೀನ ಹಿಡದು ತರಲಿಲ್ಲಂದ್ರ ನನ್ನ ಹೆಸರು ಹುಲೆಪ್ಪನ ಅಲ್ಲ!"

ಬೀಳಗಿಯ ಸರಕಾರಿ ಆಫೀಸೊಂದರ ಗುಮಾಸ್ತ ಹುಲೆಪ್ಪ ಅಡಗಿ ಮನಿ ನಡುವ ನಿಂತು ಹಿಂಗ ಪ್ರತಿಜ್ಞಾ ಮಾಡಿದ. ಕೈಯಾಗ ಖಡ್ಗ ಇರಲಿಲ್ಲ, ಮೊಬೈಲ ಇತ್ತು. ಕೇಳಾಕ ಸೈನ್ಯ ಇರಲಿಲ್ಲ, ರೊಟ್ಟಿ ಬಡ್ಯಾಕತ್ತಿದ್ದ ಹೆಂಡತಿ ಸಾತವ್ವ ಇದ್ದಳು.

"ಹೆಸರು ಈಗ ಬದಲಿ ಮಾಡಿಸಿಬಿಡ್ರಿ," ಅಂದಳು ಆಕಿ, ರೊಟ್ಟಿ ಹೊಳ್ಳಿ ಹಾಕಕೋತ. "ಆಧಾರ ಕಾರ್ಡಿನ್ಯಾಗ ಹೆಂಗೂ ತಪ್ಪ ಬಿದ್ದೈತಿ."

ಖರೆ ಹೇಳಬೇಕಂದ್ರ ಹುಲೆಪ್ಪಗ ಮೀನ ಬೇಕಾಗಿರಲಿಲ್ಲ. ಅವಗ ಶಿದ್ರಾಮಪ್ಪ ಬೇಕಾಗಿದ್ದ.

ಇಪ್ಪತ್ತು ವರ್ಷ, ಐತಾರ ಬಂತಂದ್ರ ಇಬ್ಬರೂ ಗೆಳೆಯಾರು ಒಂದ ಗಾಡಿ ಮ್ಯಾಲ ಅನಗವಾಡಿ ಹೊಳಿಗೆ ಹೋಗಿ, ಒಂದ ಕಲ್ಲಿನ ಮ್ಯಾಲ ಕುಂತು, ಗಾಳ ಒಗದು, ಊರ ಮಂದೀದೆಲ್ಲಾ ಮಾತಾಡತಿದ್ರು. ಹೋದ ವರ್ಷ ದಸರಾಕ್ಕ ಒಂದು ಬಾಳಿ ಮೀನ ಇಬ್ಬರ ಗಾಳಾನೂ ನುಂಗಿ ಮ್ಯಾಲ ಬಂತು. "ನಂದು!" ಅಂದ ಹುಲೆಪ್ಪ. "ನಿಮ್ಮಪ್ಪಂದು!" ಅಂದ ಶಿದ್ರಾಮಪ್ಪ. ಮೀನ ಕಲ್ಲಿನ ಮ್ಯಾಲ ಇಟ್ಟು ಇಬ್ಬರೂ ಒಬ್ಬರ ಮುತ್ತ್ಯಾನ ತನಕ ಒಬ್ಬರು ಬೈದು ಬರೂದರಾಗ ಒಂದು ನಾಯಿ ಬಂದು, ತೀರ್ಪು ಕೊಟ್ಟು, ಮೀನ ಕಚ್ಚಕೊಂಡು ಹೋತು. ಮೀನೂ ಹೋತು, ಮಾತೂ ಹೋತು. ಅವತ್ತಿನಿಂದ ಶಿದ್ರಾಮಪ್ಪ ಅದ ದಂಡಿಗುಂಟ ದೂರ ಹೋಗಿ, ಜಾಲಿ ಗಿಡದ ಬುಡಕ ಛತ್ರಿ ಬಿಚ್ಚಕೊಂಡು ಕುಂಡರತಿದ್ದ. ಅವನ ಮಾರಿ ಕಾಣತಿರಲಿಲ್ಲ.

ಹುಲೆಪ್ಪ ಒಬ್ಬನ. ಗಾಳ ಜಗ್ಗಿದಾಗ "ಬಂತಲೇ!" ಅಂತ ಒದರಿದ್ರ ಕೇಳವರು ಯಾರು? ಒಂದು ಸಲ ಚಟಾ ತಡೀಲಾರದ ಒದರಿದ. ಬಾಜೂ ಮೇಯಾಕತ್ತಿದ್ದ ಎಮ್ಮಿ ತಲಿ ಎತ್ತಿ ನೋಡಿ, ಮತ್ತ ಮೇಯಾಕ ಹತ್ತಿತು. ಅವತ್ತು ಅವ ಸಿಕ್ಕ ಮೀನ ಹೊಳಿಗೆ ಬಿಟ್ಟು ಮನಿಗೆ ಬಂದ. ಆದರೂ ಚಾದ ಥರ್ಮಾಸಿನ ಜೋಡಿ ಎರಡು ಕಪ್ ಒಯ್ಯೂದು ಮಾತ್ರ ಬಿಡಲಿಲ್ಲ.

"ಒಬ್ಬರಿಗೆ ಎರಡು ಕಪ್ ಯಾಕ್ರಿ?" ಅಂತ ಸಾತವ್ವ ಕೇಳಿದ್ಲು.

"ಒಂದು ಬಿದ್ದು ಒಡದ್ರ?"

"ಸ್ಟೀಲಿನ ಕಪ್?"

ಹುಲೆಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗ ನಡದುಬಿಟ್ಟ.

ತಾನಾಗಿ ಹೋಗಿ ಮಾತಾಡ್ಸೂದಂತೂ ಸಾಧ್ಯ ಇಲ್ಲ, ಮರ್ಯಾದಿ ಪ್ರಶ್ನೆ! ಅದಕ್ಕ ಎಂಥಾ ಮೀನ ಹಿಡೀಬೇಕಂದ್ರ, ಶಿದ್ಯಾ ಛತ್ರಿ ಒಗದು ಓಡಿ ಬಂದು "ಹೆಂಗ ಹಿಡದೀಲೇ?" ಅಂತ ಕೇಳಬೇಕು. ಕೇಳಿದ್ರ ಸಾಕು, ಕಪ್ ತಯಾರ ಅದಾವ.

ಉಪಾಯ ಮೊಬೈಲಿನ್ಯಾಗ ಸಿಕ್ಕಿತು. ಅದರಾಗ ಯಾವನೋ ಒಬ್ಬ ಬಿಳಿ ಮನಶ್ಯಾ ಮೆತ್ತಗಿನ ಪ್ಲಾಸ್ಟಿಕ್ ಕಾಸಿ, ಅಚ್ಚಿಗೆ ಹೊಯ್ದು, ಮನಿಯಾಗ ಸಣ್ಣ ಮೀನ ಮಾಡಾಕತ್ತಿದ್ದ. ಗಾಳಕ್ಕ ಸಿಗಿಸಿದ್ರ ನೀರಾಗ ಅದು ಬಾಲ ಅಲ್ಲಾಡಸತೈತಿ, ದೊಡ್ಡ ಮೀನ ಖರೇದು ಅಂತ ತಿಳದು ನುಂಗತೈತಿ. ಆ ಮೆತ್ತಗಿನ ಪ್ಲಾಸ್ಟಿಕ್ ತುಂಬಿದ ಬಾಟ್ಲಿ, ಕೆಂಪು ಬಣ್ಣ ಎರಡೂ ಕೊರಿಯರಿನ್ಯಾಗ ಬಂದವು. ಉಳದದ್ದು ಅಚ್ಚು ಒಂದ.

ಆದ್ರ ಅಚ್ಚು ಆರಿಸೂದು ಕನ್ಯಾ ನೋಡಿದಂಗ ಆತು. ಅಲ್ಯೂಮಿನಿಯಮ್ಮಿಂದು ಭಾಳ ಚೆಂದ ಇತ್ತು, ಅದರ ಬೆಲಿ ನೋಡಿ ಹುಲೆಪ್ಪ ಮೊಬೈಲ ಬೋರಲ ಇಟ್ಟ. ರಬ್ಬರಿನಂಥಾದ್ದು ಒಂದು ತರಿಸಿದ, ಅದರಾಗಿನ ಮೀನ ಹೆಬ್ಬೆರಳಿನ ಉಗುರಿನಷ್ಟ ಇತ್ತು. "ಇದು ಕಾಣಬೇಕಂದ್ರ ಬಾಳಿ ಮೀನಿಗೆ ಚಷ್ಮಾ ಹಾಕಬೇಕು ನೋಡ್ರಿ," ಅಂದಳು ಸಾತವ್ವ. ಸಿಟ್ಟಿಗೆದ್ದು ಹುಲೆಪ್ಪ ಪ್ಲಾಸ್ಟರ್ ಕಲಿಸಿದ, ಸಂತ್ಯಾಗಿನ ಒಂದು ಖರೇ ಮೀನ ತಂದು ಅದರಾಗ ಒತ್ತಿದ. ಪ್ಲಾಸ್ಟರ್ ಗಟ್ಟಿ ಆತು, ಮೀನ ಹೊರಗ ಬರಲಿಲ್ಲ. ಮೂರನೇ ದಿನಕ್ಕ ವಾಸನಿ ಬಂತು. ಕಲಿಸಿದ್ದಾದ್ರೂ ಎದರಾಗ? ಸಾತವ್ವ ಹಿಟ್ಟು ನಾದೂ ಪರಾತದಾಗ!

"ಆ ಮೀನ ತಗೀರಿ. ಇಲ್ಲಾಂದ್ರ ಪರಾತದ ಜೋಡಿ ನೀವೂ ಅಂಗಳದಾಗ ಮಲಕೋರಿ!"

ಹುಣ್ಣಿವಿ ಹತ್ರ ಬಂತು. ಶನಿವಾರ ಸಾತವ್ವ ಸಕ್ಕರಿ ತರಾಕ ಪ್ಯಾಟಿಗೆ ಹೋದಳು. ಹುಲೆಪ್ಪ ಹಳೇ ಪಾತೇಲಿ ಹುಡುಕಾಕ ಪಡಸಾಲಿ ಮೂಲ್ಯಾಗಿನ ಚೀಲಕ್ಕ ಕೈ ಹಾಕಿದ. ಕೈಗೆ ಸಿಕ್ಕಿದ್ದು ಗೌರಿ ಹುಣ್ಣಿವಿಗೆ ಸಕ್ಕರಿ ಆರತಿ ಗೊಂಬಿ ಮಾಡೂ ಕಟ್ಟಿಗಿ ಅಚ್ಚು! ಎರಡೆರಡು ಹೋಳು, ಕೂಡಿಸಿ ದಾರ ಕಟ್ಟಿ ಪಾಕ ಹೊಯ್ಯೂದು. ಕುದರಿ, ಗಿಳಿ, ಆನಿ, ಮತ್ತ ಅಂಗೈ ಉದ್ದದ ಒಂದು ಮೀನ!

"ಮನಿಯಾಗ ಅಚ್ಚು ಇಟಗೊಂಡು ಜಗತ್ತೆಲ್ಲಾ ಹುಡುಕಿದೆನಲ್ಲೋ ಬೀರಪ್ಪಾ!" ಅಂತ ಹಣಿ ಬಡಕೊಂಡ.

ಈಗ ಅವನ ಅನುಭವ ಮುಂದ ಬಂತು. ಕಟ್ಟಿಗಿ ಅಚ್ಚು ಮೊದಲ ನೀರಾಗ ನೆನಿ ಇಡಬೇಕು, ಅಂದ್ರ ಸಕ್ಕರಿ ಅಂಟೂದಿಲ್ಲ. ವರ್ಷಾ ವರ್ಷಾ ಸಾತವ್ವ ಮಾಡೂದನ್ನ ನೋಡಿದ ಕಣ್ಣು! ಮೊಬೈಲಿನ ಮನಶ್ಯಾ ಮಾತ್ರ ಅಚ್ಚಿನ್ಯಾಗ ಒಂದು ಹನಿ ನೀರೂ ಇರಬಾರದು ಅಂತ ಇಂಗ್ಲೀಷಿನ್ಯಾಗ ಬಾಯಿ ಬಡಕೋಳಾಕತ್ತಿದ್ದ. "ಇವಗೇನ ಗೊತ್ತು ಸಕ್ಕರಿ ಆರತಿ?" ಅಂತ ಹುಲೆಪ್ಪ ಅವನ ದನಿ ಬಂದ ಮಾಡಿದ. ಅಂಗಳದ ಬಕೀಟಿನ್ಯಾಗ ಅಚ್ಚು ಒಂದು ತಾಸು ನೆನದವು. ಆನಿದು ಸ್ವಲ್ಪ ದಪ್ಪ, ಉಳದವು ತುಂಬಿದ ಬಕೀಟಿನ್ಯಾಗ ಅದು ಹಿಡೀಲಿಲ್ಲ. ಅದನ್ನ ಒಣದ ಹಂಗ ದಾರ ಕಟ್ಟಿ, ಒಳಗ ಒಯ್ದು ಒಲಿ ಬಾಜೂ ಇಟ್ಟ.

ಪ್ಲಾಸ್ಟಿಕ್ ಒಲಿ ಮ್ಯಾಲ ಕಾದು ಕೆಂಪಗ ಕುದ್ಯಾಕತ್ತಿದ ಹೊತ್ತಿಗೆ ಸಾತವ್ವ ಸಕ್ಕರಿ ಹೊತಗೊಂಡು ಅಂಗಳಕ್ಕ ಬಂದಳು. ಬಕೀಟಿನ್ಯಾಗ ಕುದರಿ, ಗಿಳಿ ತೇಲಾಕತ್ತಿದ್ದು ಕಂಡಿತು.

"ಅಯ್ಯ! ಅಚ್ಚು ನೆನಿ ಹಾಕೀರೇನ್ರಿ? ಎಂದೂ ಇಲ್ಲದ್ದು ಇವತ್ತ ಶಾಣ್ಯಾ ಆಗೀರಲ್ರಿ!"

ಮದಿವಿ ಆದಾಗಿಂದ ಹುಲೆಪ್ಪಗ ಸಿಕ್ಕ ಮೊದಲನೇ ಹೊಗಳಿಕಿ ಅದು. ಆ ಖುಷಿಯೊಳಗ ಅವ ಪಾತೇಲಿ ಎತ್ತಿ ಹಸಿ ಮೀನಿನ ಅಚ್ಚಿಗೆ ಹೊಯ್ದ.

ಚೊಯ್ಯ್!

ಮೀನ ಬಾಯಿ ತಗದು ಉಗುಳಿತು. ಗೋಡಿ ಮ್ಯಾಲ ಉಗುಳಿತು, ಕ್ಯಾಲೆಂಡರಿನ ಮ್ಯಾಲ ಉಗುಳಿತು, ಹುಲೆಪ್ಪನ ಎಡಗಡೆ ಮೀಸಿ ಮ್ಯಾಲ ಉಗುಳಿತು. ಗಾಬರೀಲೆ ಪಾತೇಲಿ ಕೈ ಬಿಟ್ಟು, ಉಳದ ಪ್ಲಾಸ್ಟಿಕೆಲ್ಲಾ ಆನಿ ಅಚ್ಚಿನ ಹೊಟ್ಟಿಗೆ ಬಿತ್ತು. ಫಟ್ ಅಂತ ಒಂದು ಸಪ್ಪಳಾತು, ಮೀನಿನ ಅಚ್ಚು ತಲಿಯಿಂದ ಬಾಲದ ತನಕ ಸೀಳಿತು. ಕಾದದ್ದು ಕಣ್ಣಾಗ ಸಿಡೀಲಿಲ್ಲ, ಅದೊಂದು ಪುಣ್ಯಾ.

ಸಾತವ್ವ ಬಾಗಲದಾಗ ನಿಂತಳು. ಬೈಲಿಲ್ಲ. ಹುಲೆಪ್ಪಗ ಅದ ಭಾಳ ಅಂಜಿಕಿ ಆತು.

"ಇವು ಯಾರ ಅಚ್ಚು, ಗೊತ್ತೈತೇನ್ರಿ?"

"ನಮ್ಮವ."

"ನಮ್ಮವಲ್ಲ. ಶಿವವ್ವನವು. ಪ್ರತಿ ವರ್ಷ ಆಕಿ ಕಡಿಂದ ತಂದು, ತೊಳದು, ತಿರಗಿ ಕೊಟ್ಟು ಬರತೀನಿ."

ಶಿವವ್ವ ಅಂದ್ರ ಶಿದ್ರಾಮಪ್ಪನ ಹೆಂಡತಿ! ಗಂಡಸರು ಮಾತು ಬಿಟ್ಟರೂ ಹೆಂಗಸರು ಕೊಡೂದು-ತಗೋಳೂದು ಬಿಟ್ಟಿರಲಿಲ್ಲ. ಹುಲೆಪ್ಪ ಒಲಿ ಮುಂದ ಕುಂತುಬಿಟ್ಟ. ಇಷ್ಟು ದಿನ ಬರೇ ಮಾತು ಇರಲಿಲ್ಲ. ಇನ್ನ ಮ್ಯಾಲ ಮಾರಿ ತೋರಿಸೂ ಹಂಗೂ ಉಳೀಲಿಲ್ಲ.

"ಆಕಿ ಅವ್ವ ತವರಮನಿಂದ ಕೊಟ್ಟದ್ದು. ನಾ ಒಯ್ಯೂದಿಲ್ಲ," ಅಂದಳು ಸಾತವ್ವ. "ಕೆಡಿಸಿದವರ ಒಯ್ದು ಕೊಡ್ರಿ."

ಸಂಜೀಕ, ಎಡಗಡೆ ಮೀಸಿ ಕತ್ತರಿಸಿಕೊಂಡು, ಬಲಗಡೇದನ್ನ ಅಭಿಮಾನಕ್ಕ ಉಳಿಸಿಕೊಂಡು, ಹುಲೆಪ್ಪ ಆ ಮನಿ ಬಾಗಲಕ್ಕ ಹೋಗಿ ನಿಂತ. ಒಂದು ಕಾಲಕ್ಕ ಕೂಗದನ ಒಳಗ ಹೋಗತಿದ್ದ ಬಾಗಲಾ. ಈಗ ಚಿಲಕ ಬಡಿಬೇಕೋ ಬ್ಯಾಡೋ ಅಂತ ವಿಚಾರ ಮಾಡಕೋತ ನಿಂತಿದ್ದ.

ಶಿವವ್ವ ಬಾಗಲಾ ತಗದಳು. "ಬರ್ರಿ ಹುಲೆಪ್ಪಣ್ಣ. ಅವರು ಹೊರಗ ಹೋಗ್ಯಾರ."

ಹುಲೆಪ್ಪಗ ಒಂದು ಕಡೆ ಸಮಾಧಾನ, ಒಂದು ಕಡೆ ಸಂಕಟ. ಸೀಳಿದ ಅಚ್ಚು ಮುಂದ ಇಟ್ಟು ನಡದದ್ದೆಲ್ಲಾ ಹೇಳಿದ. ಶಿವವ್ವ ಎರಡೂ ಚೂರು ಕೂಡಿಸಿ ನೋಡಿ ನಕ್ಕಳು.

"ಹೋಗಲಿ ಬಿಡ್ರಿ ಅಣ್ಣ. ನಮ್ಮ ಮನ್ಯಾಗ ಉಳದದ್ದು ಇದೊಂದ ಮೀನ ಇತ್ತು, ಇದೂ ಹೋತು."

"ಯಾಕ್ರಿ ವೈನಿ? ಅವ ಐತಾರಕ್ಕೊಮ್ಮೆ ಹೊಳಿಗೆ ಹೋಗತಾನಲ್ಲಾ?"

"ಹೋಗತಾರ. ಆದ್ರ ಎರೆಹುಳಾನೂ ಒಯ್ಯೂದಿಲ್ಲ, ಹಿಟ್ಟಿನ ಉಂಡಿನೂ ಒಯ್ಯೂದಿಲ್ಲ. ಬರೀ ಗಾಳ ನೀರಾಗ ಬಿಟ್ಟು, ಛತ್ರಿ ಮರೀಲೆ ನಿಮ್ಮ ಕಡೆ ನೋಡಕೋತ ಕುಂಡರತಾರ." ಆಕಿ ದನಿ ಸಣ್ಣಗ ಮಾಡಿದಳು. "ಹುಲ್ಯಾ ಎರಡು ಕಪ್ ತರತಾನ, ಅದೊಂದು ಯಾರಿಗೆ ಅಂತ ನನ್ನ ಕೇಳತಾರ. ನಾ ಏನ ಹೇಳಲಿ?"

ಹುಲೆಪ್ಪ ಸೀಳಿದ ಅಚ್ಚು ಅಲ್ಲೇ ಬಿಟ್ಟು ಎದ್ದ. ಮನಿಗೆ ಬಂದು ಆನಿ ಅಚ್ಚಿನ ದಾರ ಬಿಚ್ಚಿದ. ಒಳಗ ಕೆಂಪು ಆನಿ, ಸೊಂಡಿಲು ಸುದ್ದಾ ಅಲ್ಲಾಡಸಕೋತ, ಒಂದೂ ಗುಳ್ಳಿ ಇಲ್ಲದಂಗ ಬಂದಿತ್ತು.

ಐತಾರ ಮುಂಜಾನೆ ಹುಲೆಪ್ಪ ತನ್ನ ಕಲ್ಲಿನ ಮ್ಯಾಲ ಕುಂಡರಲಿಲ್ಲ. ಥರ್ಮಾಸ್ ಹಿಡಕೊಂಡು ಸೀದಾ ಜಾಲಿ ಗಿಡದ ಕಡೆ ನಡದ. ಎರಡು ಕಪ್ಪಿಗೂ ಚಾ ಹಾಕಿ, ಒಂದನ್ನ ಛತ್ರಿ ಕೆಳಗ ಸರಿಸಿದ.

"ಆರತೈತಿ, ತಗೊ."

ಛತ್ರಿ ಮೆಲ್ಲಕ ಸರೀತು. ಶಿದ್ರಾಮಪ್ಪ ಕಪ್ಪ ನೋಡಿದ, ಆಮ್ಯಾಲ ಹುಲೆಪ್ಪನ ಮಾರಿ ನೋಡಿದ.

"ಅರ್ಧಾ ಮೀಸಿ ಎಲ್ಲಿ ಹೋತಲೇ?"

ವರ್ಷದ ಮ್ಯಾಲ ಕೇಳಿದ ದನಿ! ಹುಲೆಪ್ಪಗ ಕಣ್ಣು ತುಂಬಿ ಬಂದವು. ಹೊಗಿ ತಾಗೇತಿ ಅಂತ ವರಿಸಿಕೊಂಡ. ಅಲ್ಲೆ ಒಲಿ ಇರಲಿಲ್ಲ, ಶಿದ್ರಾಮಪ್ಪ ಕೇಳಲೂ ಇಲ್ಲ. ಕಥಿ ಪೂರಾ ಕೇಳಿ ಹೊಟ್ಟಿ ಹಿಡಕೊಂಡು ನಕ್ಕ. ಹುಲೆಪ್ಪ ಅವನ ಬರೀ ಗಾಳ ಎಳದು, ಆನಿ ಸಿಗಿಸಿ, ನೀರಿಗೆ ಒಗದ.

ಎರಡನೇ ಕಪ್ ಚಾ ಮುಗಿಯೂದರಾಗ ಗಾಳ ಜಗ್ಗಿತು.

"ಬಂತಲೇ!" ಅಂತ ಇಬ್ಬರೂ ಕೂಡೇ ಒದರಿದ್ರು. ಎಮ್ಮಿ ಗಾಬರಿ ಆಗಿ ಓಡಿತು. ತೊಡಿ ಗಾತ್ರದ ಬಾಳಿ ಮೀನ, ಬಾಯಾಗ ಆನಿ ಕಚ್ಚಕೊಂಡು, ದಂಡಿ ತನಕ ಬಂತು. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ರು.

"ನಿಂದು!" ಅಂದ ಹುಲೆಪ್ಪ.

"ನಿಂದಲೇ! ಆನಿ ನಿಂದಲ್ಲಾ?"

"ಗಾಳ ನಿಂದಲ್ಲೋ ಹುಚ್ಚಾ!"

"ನಿಂದು ಅಂದ್ರ ನಿಂದ! ತಗೊಂಡು ಹೋಗತೀಯೋ ಇಲ್ಲೋ?"

ಜಗಳ ಮುಗಿಯೂ ತನಕ ಕಾಯೂವಷ್ಟು ತಾಳ್ಮಿ ಆ ಮೀನಿಗೆ ಇರಲಿಲ್ಲ. ದಾರ ಹರಕೊಂಡು, ಆನಿ ಸಮೇತ, ಹೊಳಿ ಪಾಲಾತು.

ಮಧ್ಯಾಹ್ನ ಇಬ್ಬರೂ ಒಂದ ಗಾಡಿ ಮ್ಯಾಲ ಬಂದು ಬಾಗಲದಾಗ ಇಳದ್ರು. ಸಾತವ್ವ ಖಾಲಿ ಚೀಲ ನೋಡಿದಳು, ಖಾಲಿ ಎರಡು ಕಪ್ ನೋಡಿದಳು, ಸೆರಗಿಲೆ ಬಾಯಿ ಮುಚ್ಚಕೊಂಡು ಇಬ್ಬರಿಗೂ ತಾಟು ಹಾಕಿದಳು.

"ಇಷ್ಟು ದಿನ ಒಬ್ಬರ ಹೋಗಿ ಬರೀ ಕೈಲೆ ಬರತಿದ್ರಿ, ಇವತ್ತ ಇಬ್ಬರೂ ಕೂಡಿ ಬರೀ ಕೈಲೆ ಬಂದೀರಿ," ಅಂದಳು. "ಉಂಡು ಏಳ್ರಿ. ಆ ಹೆಸರು ಬದಲಿ ಮಾಡಿಸೂದು ಐತಲ್ಲಾ, ಇಬ್ಬರದೂ ಒಮ್ಮೆಲೇ ಮಾಡಿಸಿಕೊಂಡು ಬರ್ರಿ."