ಬಾಲ್ಕನಿಯ ಬಸುರಿ ಗೋಧಿ

ಗೋಧಿಗೆ ಮದುವೆ ಮಾಡಿಸುವುದು ನನ್ನ ಕೆಲಸ. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನನ್ನನ್ನು ನಗಿಸುತ್ತಾರೆ. ಹೈದರಾಬಾದಿನ ತಾರ್ನಾಕದಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಲಕಿ, ಕಲಬುರಗಿ ಕಡೆಯ ಕಾಕು, ನನ್ನ ಪಾಲಿಗೆ ಚಿಕ್ಕಮ್ಮನೇ, ಇರುವ ತನಕ ಇಂಥ ಪ್ರಸಂಗಗಳಿಗೆ ಬರವಿಲ್ಲ.

ಫ್ರಿಜ್ಜಿನ ಅಳಿಯ

ಸ್ಪೆಲ್ಟ್ ಎಂಬುದು ಯುರೋಪಿನ ಹಳೇ ಗೋಧಿ. ಕಾಳು ಸತ್ವದ್ದು, ಇಳುವರಿ ಕಡಿಮೆ. ನಮ್ಮ ಸಾಮಾನ್ಯ ಗೋಧಿ ಇಳುವರಿಯಲ್ಲಿ ಗಟ್ಟಿ. ಎರಡರ ಗುಣವನ್ನೂ ಒಂದೇ ತೆನೆಯಲ್ಲಿ ಕಾಣಬೇಕೆಂಬುದು ನನ್ನ ಹುಚ್ಚು. ಆದರೆ ಮೊಳಕೆಯಲ್ಲಿ ಕೆಲವು ವಾರ ಚಳಿ ತಿನ್ನದಿದ್ದರೆ ನಮ್ಮ ಸ್ಪೆಲ್ಟ್ ತೆನೆ ಬಿಡುವುದಿಲ್ಲ. ಹೈದರಾಬಾದಿನಲ್ಲಿ ಅಂಥ ಚಳಿ ಎಲ್ಲಿಂದ ತರಲಿ? ನಮ್ಮ ಗೋಧಿ ಸಂಶೋಧನೆಯ ಆಫೀಸಿನ ಶೀತಪೆಟ್ಟಿಗೆ ಕೆಟ್ಟು ಕೂತಿತ್ತು. ಸ್ಪೆಲ್ಟ್ ಮೊಳಕೆಯ ಡಬ್ಬಿಯನ್ನು ಕಾಕುವಿನ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟೆ.

"ಇದೇನೋ ತಮ್ಮಾ?"

"ವರ ರೀ ಕಾಕು. ಚಳಿಗಾಲ ಮುಗೀತು ಅಂತ ಗೊತ್ತಾಗೋತನಕ ಹೂ ಬಿಡಂಗಿಲ್ಲ."

ಕಾಕು ಫ್ರಿಜ್ಜಿನ ಬಾಗಿಲು ಹಿಡಿದು ನಿಂತೇಬಿಟ್ಟರು. "ಇಷ್ಟ ಸಣ್ಣ ಮೊಳಕಿಗೆ ಅದು ಹ್ಯಾಂಗ ತಿಳೀತೈತೋ!"

ಇಷ್ಟು ವರ್ಷ ಓದಿದ ನನಗೂ ಅದು ಬೆರಗೇ. ಅಂದಿನಿಂದ ಕಾಕು ತಮ್ಮ ಯಜಮಾನರಿಗೆ ತಣ್ಣೀರು ಬಾಟಲಿ ತೆಗೆಯಲೂ ಬಿಡಲಿಲ್ಲ. "ಕದಾ ಸಾವಕಾಶ ರೀ, ಅಳಿಯಾ ಮಲಗ್ಯಾನ!"

ಒಂದೇ ಮನೆ

ಆಫೀಸಿನ ಮಾಳಿಗೆಯಲ್ಲಿ ಪಾರಿವಾಳದ ಕಾಟ. ಆದ್ದರಿಂದ ಚಳಿ ತಿಂದ ವರನನ್ನು ಕಾಕುವಿನ ಜಾಲರಿ ಕಟ್ಟಿದ ಬಾಲ್ಕನಿಯಲ್ಲೇ ನೆಟ್ಟು, ವಧುವಿನ, ಅಂದರೆ ನಮ್ಮ ಸಾಮಾನ್ಯ ಗೋಧಿಯ ಕುಂಡವನ್ನೂ ಅಲ್ಲಿಗೇ ತಂದೆ. ಗೋಧಿ ಹೂವೊಂದರಲ್ಲಿ ಗಂಡು, ಹೆಣ್ಣು ಎರಡೂ ಇರುತ್ತವೆ. ಹೊರಗಿನ ಪರಾಗ ಕೂಡಿಸಬೇಕಾದರೆ ಒಳಗಿನ ಗಂಡುಭಾಗವನ್ನು ಚಿಮಟಿಗೆಯಿಂದ ಮೊದಲೇ ಕಿತ್ತು, ತೆನೆಗೆ ಕಾಗದದ ಚೀಲ ತೊಡಿಸಬೇಕು. ನಾನು ಉಸಿರು ಬಿಗಿಹಿಡಿದು ಕೀಳುತ್ತಿದ್ದೆ. ಕಾಕುವೂ ಉಸಿರು ಬಿಗಿಹಿಡಿದಿದ್ದರು.

"ಅಂದ್ರ ಮನ್ಯಾಗಿನ ಗಂಡನ್ನ ಹೊರಗ ಹಾಕಿ, ಫಾರಿನ್ ಗಂಡನ್ನ ತರಾಕತ್ತಿ?"

"ಹೂಂ ರೀ."

ಪೇಪರ್ ಓದುತ್ತಿದ್ದ ಯಜಮಾನರು ಕುರ್ಚಿ ಎತ್ತಿಕೊಂಡು ಒಳಗೆ ನಡೆದರು.

ಕುಬಸ

ಪರಾಗ ಹಾಕಿ ಕೆಲವು ದಿನಕ್ಕೆ ಚೀಲ ಸರಿಸಿ ನೋಡಿದರೆ ಹಸಿರು ಕಾಳು ಕಟ್ಟತೊಡಗಿತ್ತು. "ಬಸಿರು ನಿಂತೈತ್ರಿ ಕಾಕು!" ಎಂದು ಕೂಗಿದೆ. ನನಗೆ ಕಣ್ಣೀರೇ ಬಂತು. ಈ ಸಲ ಕಾಳಾಗದಿದ್ದರೆ ಸ್ಪೆಲ್ಟ್ ಕೆಲಸ ಬಂದ್ ಎಂದು ಆಫೀಸಿನ ಸಾಹೇಬರು ಹೇಳಿಬಿಟ್ಟಿದ್ದರು.

ಕಾಕು ಸುಮ್ಮನಿರುತ್ತಾರೆಯೇ? ಬಸುರಿ ಎಂದ ಮೇಲೆ ಕುಬಸ, ಅಂದರೆ ಸೀಮಂತ, ಆಗಲೇಬೇಕು. ಕುಂಡಕ್ಕೆ ಹಸಿರು ಖಣದ ಬಟ್ಟೆ ಸುತ್ತಿ, ಆರತಿ ಎತ್ತಿ, ಬುಡಕ್ಕೆ ಬೊಗಸೆ ತುಂಬ ಗೋಧಿ ಸುರಿದು ಉಡಿ ತುಂಬಿದರು. ಆಮೇಲೆ ನಿಷ್ಠೆಯಿಂದ ನೀರನ್ನೂ ಹಾಕಿದರು. ಅವು ಮೊಳೆತವು. ಕೀಳಲು ಹೋದರೆ, "ಉಡಿಗೆ ಕೈ ಹಚ್ಚಬ್ಯಾಡ!" ಎಂದು ಗದರಿದರು.

ಕೂಸು ನೋಡಲು ಬಂದವರು

ತೆನೆ ಹಣ್ಣಾದ ಮೇಲೆ ಸಾಹೇಬರು ತಾವೇ ಬಂದರು. ರಾಯಚೂರಿನವರು, ನಗು ಕಡಿಮೆ. ಕನ್ನಡಕ ಕಾರಿನಲ್ಲೇ ಉಳಿದಿತ್ತು. ಕುಂಡದ ಮುಂದೆ ಮೊಣಕಾಲೂರಿ ಕೂತವರು ಮೇಲಿನ ತೆನೆಯನ್ನು ನೋಡಲೇ ಇಲ್ಲ. "ಅಬ್ಬಾ, ಏನ್ ತೆಂಡಿ ಒಡದೈತಿ! ನನ್ನ ಸರ್ವೀಸಿನ್ಯಾಗ ಇಂಥಾದ್ದು ನೋಡಿಲ್ಲ!" ಎಂದು, ಗಿಡದ ಬುಡದಿಂದಲೇ ಒಡೆದ ಕವಲೆಂದುಕೊಂಡು ಉಡಿಯ ಹಸಿರಿನ ಮೇಲೆ ಕೈಯಾಡಿಸಿದರು.

ಚಹಾ ತಂದ ಕಾಕು, "ಅವು ರೇಷನ್ ಅಂಗಡಿ ಗೋದಿ ರೀ ಸಾಹೇಬ್ರ. ಉಡಿ ತುಂಬಿದ್ವು. ಬಾಣಂತಿ ಮ್ಯಾಲದಾಳ" ಎಂದರು.

ಸಾಹೇಬರ ಮುಖ ಕೆಂಪಾಯಿತು. ನನ್ನ ಕತೆ ಮುಗಿಯಿತೆಂದುಕೊಂಡೆ. ಆದರೂ ಚೀಲ ಬಿಚ್ಚಿ, ತೆನೆ ಉಜ್ಜಿ, ಕಾಳನ್ನು ಅವರ ಅಂಗೈಗೆ ಸುರಿದೆ. ಕೆಂಪಗೆ, ತುಸು ಸುಕ್ಕಾಗಿ, ನಾಲ್ಕೇ ಕಾಳು. ಜಗತ್ತಿನಲ್ಲಿ ಮೊದಲಿರದಿದ್ದ ಕಾಳು! ಯಜಮಾನರೂ ಕುರ್ಚಿ ಬಿಟ್ಟು ಬಂದು ಇಣುಕಿದರು. ಯಾರಿಗೂ ಅಂಗೈಯಿಂದ ಕಣ್ಣು ಕೀಳಲಾಗಲಿಲ್ಲ.

ಕಾಕು ಕೆಮ್ಮಿದರು. "ಕೂಸು ನೋಡಾಕ ಬಂದವರು ಬರಿಗೈಲೆ ಹೋಗಬಾರದ್ರಿ. ಏನರ ಇಡ್ರಿ."

ಸಾಹೇಬರು ಕಾಳಿನಿಂದ ಕಣ್ಣೆತ್ತದೆ, "ಇನ್ನೊಂದು ವರ್ಷ ಕೆಲಸಾ ನಡೀಲಿ" ಎಂದರು.

"ಒಂದ ವರ್ಷ ಏನ್ರಿ? ಚೊಚ್ಚಲ ಬಾಣಂತನ ಐತಿ!"

ಸಾಹೇಬರು ಎರಡು ಎಂದರು.