ದಯವಿಟ್ಟು ನನ್ನ ಹೆಸರು ತೆಗೆದುಹಾಕಿ

"ಇವತ್ತಿನಿಂದ ನಿನ್ನ ಇಮೇಲಿನ ಜವಾಬ್ದಾರಿ ನಂದು!" ಎಂದು ವ್ಯಾಸರಾಜ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕುಕ್ಕಿ ಘೋಷಿಸಿದಾಗಲೇ ಪದ್ಮಜಾ ಬೇಡ ಅಂದಿದ್ದರೆ ಆ ಮನೆಯಲ್ಲಿ ಮುಂದಿನ ವಾರ ಎಲ್ಲರೂ ನೆಮ್ಮದಿಯಾಗಿ ಊಟ ಮಾಡಬಹುದಿತ್ತು. ಆದರೆ ಅವಳು ದೋಸೆ ಮಗುಚುತ್ತಿದ್ದಳು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು. ಎರಡು ತಿಂಗಳಿಂದ ಆ ಫೋನು ಅವಳ ಕೈಬಿಟ್ಟು ಇಳಿದಿರಲಿಲ್ಲ.

ಪದ್ಮಜಾಳಿಗೆ ನಲವತ್ನಾಲ್ಕು ವರ್ಷ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಸ್ಯಾನ್ ಹೋಸೆಗೆ ಬಂದವಳು. ಹನ್ನೊಂದು ವರ್ಷದಿಂದ ಅಲ್ಲಿನ ಎವರ್‌ಗ್ರೀನ್ ಬಡಾವಣೆಯ ಒಂದು ಡೇಕೇರಿನಲ್ಲಿ ಊರವರ ಮಕ್ಕಳ ಮೂಗು ಒರೆಸುತ್ತಿದ್ದಳು. ಐದು ವರ್ಷದ ಹಿಂದೆ ಅವಳಿಗೆ ನರ್ಸ್ ಆಗಬೇಕೆಂಬ ಆಸೆ ಹುಟ್ಟಿತು. ಸಂಜೆ ಕ್ಲಾಸುಗಳಿಗೆ ಹೋದಳು. ಊಟದ ಮೇಜಿನ ಒಂದು ಕಡೆ ಮಗಳು ವಿಭಾಳ ಸ್ಕೂಲು ಪುಸ್ತಕ, ಇನ್ನೊಂದು ಕಡೆ ಅಮ್ಮನ ಅಂಗರಚನಾಶಾಸ್ತ್ರ. ನಡುವೆ ಸಾರಿನ ಪಾತ್ರೆಗೆ ಜಾಗವಿಲ್ಲದೆ ವ್ಯಾಸರಾಜ ಎಷ್ಟೋ ದಿನ ನಿಂತುಕೊಂಡೇ ಉಂಡಿದ್ದ. ಕೊನೆಗೆ ಕಮ್ಯುನಿಟಿ ಕಾಲೇಜಿನ ನರ್ಸಿಂಗ್ ಕೋರ್ಸಿಗೆ ಅರ್ಜಿ ಹಾಕಿದಳು. ನಲವತ್ತು ಸೀಟು. ಕಡೆಯ ಸೀಟು ನಿಂತಿದ್ದು ಎಂಬತ್ತೆರಡು ಅಂಕಕ್ಕೆ. ಪದ್ಮಜಾಳಿಗೆ ಬಂದಿದ್ದು ಎಂಬತ್ತೊಂದು.

ಒಂದೇ ಒಂದು ಅಂಕ!

ವೇಟಿಂಗ್ ಲಿಸ್ಟಿನಲ್ಲಿ ಅವಳದು ಮೂರನೆಯ ಹೆಸರು. ಯಾರಾದರೂ ಸೀಟು ಬಿಟ್ಟರೆ ಮೇಲ್ ಬರುತ್ತದೆ, ನಲವತ್ತೆಂಟು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ. ಅವಳು ಮೊದಲು ಪಾಸು ಮಾಡಿದ ಕೋರ್ಸುಗಳಿಗೆ ಐದು ವರ್ಷ ತುಂಬುತ್ತಿತ್ತು. ಈ ವರ್ಷ ತಪ್ಪಿದರೆ ಅವು ಲೆಕ್ಕಕ್ಕೇ ಇಲ್ಲ, ಮತ್ತೆ ಮೊದಲಿನಿಂದ ಓದಬೇಕು. ಇಷ್ಟೆಲ್ಲ ಹೆದರಿಕೆಯ ಮೇಲೆ ಡೇಕೇರಿನಲ್ಲಿ ಮಕ್ಕಳ ಜೊತೆಯಿರುವಾಗ ಫೋನು ಮುಟ್ಟುವಂತಿಲ್ಲ. ಸಾಲದ್ದಕ್ಕೆ ಅವಳ ಇನ್‌ಬಾಕ್ಸಿನಲ್ಲಿ ಓದದ ಮೇಲ್‌ಗಳು ಹನ್ನೊಂದು ಸಾವಿರ! ಹಾಸಿಗೆ ಮಾರುವವರು, ಸೋಲಾರ್ ಮಾರುವವರು, ಹದಿನಾರು ವರ್ಷದ ಹಿಂದೆ ಒಂದೇ ಒಂದು ಜೊತೆ ಚಪ್ಪಲಿ ಕೊಂಡಿದ್ದ ಅಂಗಡಿಯವರು. ಈ ಸಂತೆಯಲ್ಲಿ ಕಾಲೇಜಿನ ಮೇಲ್ ಕಣ್ತಪ್ಪಿದರೆ?

ಇದಕ್ಕೇ ವ್ಯಾಸರಾಜನ ಘೋಷಣೆ.

"ಅಪ್ಪಾ, ಪ್ಲೀಸ್ ಡೋಂಟ್" ಎಂದಳು ವಿಭಾ.

"ಯಾಕೆ? ಇಪ್ಪತ್ತೆರಡು ವರ್ಷದಿಂದ ಆಫೀಸಲ್ಲಿ ನಾನು ಏನು ಮಾಡ್ತಿದೀನಿ ಅನ್ಕೊಂಡಿದೀಯ?"

"ಮೀಟಿಂಗ್ಸ್?"

ಇಂಥ ಮಾತಿಗೆ ಎದೆಗುಂದುವವನಲ್ಲ ವ್ಯಾಸರಾಜ. ಮಧ್ಯಾಹ್ನದೊಳಗೆ ಒಂದು ಮಹಾಯಂತ್ರವನ್ನು ನಿರ್ಮಿಸಿಯೇ ಬಿಟ್ಟ. ಕಾಲೇಜಿನ ವಿಳಾಸದಿಂದ ಮೇಲ್ ಬಂದರೆ ಇಬ್ಬರ ಫೋನಿನಲ್ಲೂ ದೇವಸ್ಥಾನದ ಗಂಟೆ ಬಾರಿಸಬೇಕು. "ಅಭಿನಂದನೆಗಳು", "ನೀವು ಆಯ್ಕೆಯಾಗಿದ್ದೀರಿ", "ಕೆಲವೇ ಸೀಟುಗಳು", "ಕೊನೆಯ ಅವಕಾಶ", "ಕೂಡಲೇ ಉತ್ತರಿಸಿ" ಅಂತ ಆಸೆ ತೋರಿಸುವ ಮೇಲ್‌ಗಳು ನೇರ ಕಸದ ಬುಟ್ಟಿಗೆ. ಅಷ್ಟೇ ಅಲ್ಲ, ಕಳಿಸಿದವನಿಗೆ ಆ ಕ್ಷಣವೇ ಪದ್ಮಜಾಳ ಹೆಸರಿನಲ್ಲಿ ಉತ್ತರವೂ ಹೋಗಬೇಕು: "ನಿಮ್ಮ ಕೊಡುಗೆಯಲ್ಲಿ ನನಗೆ ಆಸಕ್ತಿಯಿಲ್ಲ. ದಯವಿಟ್ಟು ನಿಮ್ಮ ಪಟ್ಟಿಯಿಂದ ನನ್ನ ಹೆಸರು ತೆಗೆದುಹಾಕಿ."

"ಇದಕ್ಕೆ ಫಿಲ್ಟರು ಅಂತಾರೆ" ಎಂದ ವ್ಯಾಸರಾಜ, ಹೆಂಡತಿಗೆ ಗೊತ್ತಿರುವುದು ಕಾಫಿ ಫಿಲ್ಟರು ಮಾತ್ರ ಎಂಬ ಗತ್ತಿನಲ್ಲಿ.

"ಕಾಲೇಜಿಂದು ಮಿಸ್ ಆಗಲ್ಲ ತಾನೇ?"

"ಮಿಸ್ಸಾ? ಗಂಟೆ ಹೊಡೆಯುತ್ತೆ ಕಣೇ, ಗಂಟೆ!"

ಗಂಟೆ ಹೊಡೆಯಿತು ಕೂಡ. ಮಂಗಳವಾರ ಹೊಡೆದಾಗ ಪದ್ಮಜಾಳ ಕೈಯಲ್ಲಿದ್ದ ಹೆಸರುಕಾಳಿನ ಡಬ್ಬಿ ನೆಲಕ್ಕೆ ಬಿತ್ತು. ನೋಡಿದರೆ ಕಾಲೇಜಿನ ಪಾರ್ಕಿಂಗ್ ಜಾಗಕ್ಕೆ ಬಣ್ಣ ಬಳಿಯುತ್ತಾರಂತೆ. ಬುಧವಾರ ಹೊಡೆದಾಗ ಈಜುಕೊಳ ರಿಪೇರಿಯಂತೆ. ಗುರುವಾರ ಹೊಡೆಯಲೇ ಇಲ್ಲ.

ಶುಕ್ರವಾರ ಮಧ್ಯಾಹ್ನ ಒಂದು ನಲವತ್ತಕ್ಕೆ, ಮಿಲ್ಪಿಟಸ್ಸಿನ ಆಫೀಸಿನಲ್ಲಿ ಊಟ ಮುಗಿಸಿದ ವ್ಯಾಸರಾಜ ತನ್ನ ಯಂತ್ರ ಎಷ್ಟು ಶತ್ರುಗಳನ್ನು ಸಂಹರಿಸಿದೆಯೆಂದು ನೋಡಿ ಆನಂದಿಸಲು ಹೆಂಡತಿಯ ಕಸದ ಬುಟ್ಟಿ ತೆರೆದ. ಹಾಸಿಗೆ, ಸತ್ತಿದೆ. ಸೋಲಾರ್, ಸತ್ತಿದೆ. ಚಪ್ಪಲಿ, ಸತ್ತಿದೆ. ಅದರ ಕೆಳಗೆ, ಗುರುವಾರ ಬೆಳಿಗ್ಗೆ ಒಂಬತ್ತು ಹನ್ನೆರಡಕ್ಕೆ ಬಂದದ್ದು: "ಅಭಿನಂದನೆಗಳು. ನರ್ಸಿಂಗ್ ವಿಭಾಗದ ಸೀಟಿಗೆ ನೀವು ಆಯ್ಕೆಯಾಗಿದ್ದೀರಿ. ಕೂಡಲೇ ಉತ್ತರಿಸಿ."

ನರ್ಸಿಂಗ್ ವಿಭಾಗದ ಮೇಲ್ ವಿಳಾಸವೇ ಬೇರೆ! ಗಂಟೆ ಕಟ್ಟಿದ್ದು ಒಂದು ಬಾಗಿಲಿಗೆ, ಲಕ್ಷ್ಮಿ ಬಂದದ್ದು ಇನ್ನೊಂದು ಬಾಗಿಲಿಗೆ. ಅಲ್ಲಿ ನಿಂತಿದ್ದ ಯಂತ್ರ ಒಂಬತ್ತು ಹನ್ನೆರಡಕ್ಕೇ ಅವಳನ್ನು ಅಟ್ಟಿಬಿಟ್ಟಿತ್ತು. "ದಯವಿಟ್ಟು ನಿಮ್ಮ ಪಟ್ಟಿಯಿಂದ ನನ್ನ ಹೆಸರು ತೆಗೆದುಹಾಕಿ. ಇಂತಿ, ಪದ್ಮಜಾ."

ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಯಲು ಹೊರಟವಳನ್ನು ಕಟ್ಟಿಕೊಂಡ ಗಂಡನೇ ಪಟ್ಟಿಯಿಂದ ಕಿತ್ತು ಬಿಸಾಡಿದ್ದ!

ವ್ಯಾಸರಾಜನಿಗೆ ಎದುರಿಗಿದ್ದ ಮೊಸರನ್ನದ ಡಬ್ಬಿ ಎರಡೆರಡಾಗಿ ಕಂಡಿತು. ಹೆಂಡತಿಗೆ ಗೊತ್ತಾಗುವ ಮೊದಲೇ ಸರಿಪಡಿಸಿಬಿಡಬೇಕೆಂದು ಅವಳ ಹೆಸರಿನಿಂದಲೇ ಒಂದು ಮೇಲ್ ಬರೆದ: "ತಪ್ಪಾಗಿದೆ, ನನಗೆ ಸೀಟು ಬೇಕು." ಮೂರು ನಿಮಿಷದಲ್ಲಿ ಉತ್ತರ ಬಂತು: "ನಿಮ್ಮ ಸೀಟು ಇಂದು ಮಧ್ಯಾಹ್ನ ಮುಂದಿನವರಿಗೆ ಹೋಗಿದೆ. ಪಟ್ಟಿಯಲ್ಲಾದರೂ ಉಳಿಯಬೇಕೇ? ಇದು ಕೊನೆಯ ಅವಕಾಶ, ಕೂಡಲೇ ಉತ್ತರಿಸಿ."

ಗಾಬರಿಯಲ್ಲಿ ವ್ಯಾಸರಾಜ ಒಂದನ್ನು ಮರೆತಿದ್ದ. ಯಂತ್ರವನ್ನು ನಿಲ್ಲಿಸಿರಲಿಲ್ಲ! "ಬೇಕು" ಎಂದು ಅವನು ಟೈಪು ಮಾಡುವಷ್ಟರಲ್ಲಿ ಅದು ಎರಡನೆಯ ಸಲ ವಿನಯಪೂರ್ವಕವಾಗಿ ಉತ್ತರಿಸಿಯಾಗಿತ್ತು. "ನಿಮ್ಮ ಕೊಡುಗೆಯಲ್ಲಿ ನನಗೆ ಆಸಕ್ತಿಯಿಲ್ಲ..."

ಯಂತ್ರದ ಕುತ್ತಿಗೆ ಹಿಸುಕಿ ನಿಲ್ಲಿಸಿ, ಕಾರಿನತ್ತ ಓಡಿದ. ಶುಕ್ರವಾರದ ಫ್ರೀವೇ ಆಮೆಯಂತೆ ತೆವಳುತ್ತಿತ್ತು. ಬೆರ್ರಿಯೆಸಾ ದಾಟುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಪಕ್ಕದ ಕಾರಿನ ನಾಯಿ ಕಿಟಕಿಯಿಂದ ತಲೆ ಹೊರಹಾಕಿ ಅವನನ್ನೇ ನೋಡುತ್ತಿತ್ತು. ಅದಕ್ಕೂ ವಿಷಯ ಗೊತ್ತಿದೆಯೇನೋ ಎನಿಸಿ ಅವನು ಗಾಜು ಏರಿಸಿಕೊಂಡ.

ಮೂರು ಹತ್ತಕ್ಕೆ ಕಾಲೇಜು ಮುಟ್ಟಿದ. ನರ್ಸಿಂಗ್ ವಿಭಾಗದ ಕೌಂಟರಿನಲ್ಲಿ ಕುಳಿತಿದ್ದವರು ಮಾರಿಸೆಲ್ ಎಂಬ ಹಿರಿಯ ಫಿಲಿಪಿನೋ ಹೆಂಗಸು. ಕನ್ನಡಕಕ್ಕೆ ಮಣಿಸರ.

"ನೀವು ವಿದ್ಯಾರ್ಥಿಯಾ?"

"ವಿದ್ಯಾರ್ಥಿಯ ಗಂಡ."

"ಹಾಗಾದರೆ ಅವರ ವಿಷಯ ನಿಮ್ಮ ಜೊತೆ ಮಾತಾಡುವ ಹಾಗಿಲ್ಲ. ಕಾನೂನು."

"ನೀವು ಮಾತಾಡಬೇಡಿ ಮೇಡಂ. ನಾನು ಮಾತಾಡ್ತೀನಿ. ನೀವು ಹೌದು, ಅಲ್ಲ ಅಂತ ತಲೆ ಆಡಿಸಿದರೆ ಸಾಕು."

"ತಲೆ ಆಡಿಸುವುದೂ ಮಾಹಿತಿ ಕೊಟ್ಟ ಹಾಗೇ. ಅವರನ್ನೇ ಕರೆದುಕೊಂಡು ಬನ್ನಿ. ನಾಲ್ಕಕ್ಕೆ ಬಾಗಿಲು ಹಾಕುತ್ತೇವೆ."

ವ್ಯಾಸರಾಜ ಅಂಗಳಕ್ಕೆ ಬಂದು ಡೇಕೇರಿಗೆ ಫೋನು ಮಾಡಿದ. ಹಾಗೆ ಕೆಲಸದ ಜಾಗಕ್ಕೆ ಅವನು ಫೋನು ಮಾಡಿದ್ದು ಹನ್ನೊಂದು ವರ್ಷದಲ್ಲಿ ಅದೇ ಮೊದಲು.

"ಯಾರಿಗೇನಾಯ್ತು?" ಎಂದಳು ಪದ್ಮಜಾ, ಹಲೋ ಕೂಡ ಅನ್ನದೆ. "ವಿಭಾಳಿಗಾ?"

"ಯಾರಿಗೂ ಏನೂ ಆಗಿಲ್ಲ ಪದ್ದು. ಅಂದ್ರೆ... ಆಗಿದೆ. ನಿಂಗೆ ಸೀಟು ಸಿಕ್ಕಿತ್ತು."

"ಸಿಕ್ಕಿತ್ತು ಅಂದ್ರೆ?"

ಅವನು ಹೇಳಿದ. ಎಲ್ಲವನ್ನೂ ಹೇಳಿದ. ಆ ಕಡೆ ಒಂದು ಮಗು ಅಳುವುದು ಕೇಳಿಸಿತು. ಇನ್ನೊಂದು ಮಗು ಅದಕ್ಕೆ ದನಿ ಸೇರಿಸಿತು. ಪದ್ಮಜಾ ಬೈದಿದ್ದರೆ ಚೆನ್ನಾಗಿತ್ತು ಎಂದು ವ್ಯಾಸರಾಜನಿಗೆ ಮನಸಾರೆ ಅನಿಸಿತು.

"ಎಷ್ಟು ಗಂಟೆಗೆ ಮುಚ್ತಾರೆ?"

"ನಾಲ್ಕಕ್ಕೆ."

ಫೋನು ಕಟ್ಟಾಯಿತು.

ಮೂರು ಐವತ್ತೆರಡಕ್ಕೆ ಬಂದಳು. ತೋಳಿಗೆ ಯಾವುದೋ ಮಗು ಮೆತ್ತಿದ ಬಾಳೆಹಣ್ಣು ಹಾಗೇ ಒಣಗಿತ್ತು. ಗಂಡನ ಕಡೆ ನೋಡದೆ ನೇರ ಕೌಂಟರಿಗೆ ಹೋಗಿ ಗುರುತಿನ ಕಾರ್ಡು ಇಟ್ಟಳು.

ಮಾರಿಸೆಲ್ ಕಂಪ್ಯೂಟರ್ ನೋಡಿದರು. "ನೀವು ಗುರುವಾರ ಬೇಡ ಅಂದಿದ್ದೀರಿ. ಇವತ್ತು ಬೇಕು ಅಂದಿದ್ದೀರಿ. ಮೂರೇ ನಿಮಿಷಕ್ಕೆ ಮತ್ತೆ ಬೇಡ ಅಂದಿದ್ದೀರಿ."

"ಸಿಸ್ಟಮ್ ಎರರ್" ಎಂದು ವ್ಯಾಸರಾಜ ಹಿಂದಿನಿಂದ ಪಿಸುಗುಟ್ಟಿದ.

"ಸಿಸ್ಟಮ್ ಅಲ್ಲ" ಎಂದಳು ಪದ್ಮಜಾ. "ನನ್ನ ಗಂಡ."

ಮಾರಿಸೆಲ್ ಕನ್ನಡಕದ ಮೇಲಿನಿಂದ ವ್ಯಾಸರಾಜನನ್ನು ನೋಡಿ "ಓ" ಎಂದರು. ಇಂಥ ಎಷ್ಟು ಗಂಡಂದಿರು ಆ ಕೌಂಟರಿನ ಮುಂದೆ ನಿಂತು ಹೋಗಿದ್ದರೋ, ಅಷ್ಟೂ ಅನುಭವ ಆ ಒಂದು ಅಕ್ಷರದಲ್ಲಿತ್ತು.

ಸೀಟನ್ನು ವಾಪಸು ಕೊಡಲು ಬರುವುದಿಲ್ಲ ಎಂದರು. ಮುಂದಿನವರಿಗೆ ಭಾನುವಾರ ಮಧ್ಯಾಹ್ನದವರೆಗೆ ಸಮಯವಿದೆ. ಅವರು ಒಪ್ಪಿದರೆ ಮುಗಿಯಿತು, ಒಪ್ಪದಿದ್ದರೆ ಸೋಮವಾರ ಬೆಳಿಗ್ಗೆ ಪದ್ಮಜಾಳಿಗೆ ಫೋನು ಬರುತ್ತದೆ. ಅವಳ ಹೆಸರನ್ನು ಪಟ್ಟಿಯ ತಲೆಗೆ ಬರೆದುಕೊಂಡರು. "ಮೇಲ್ ಕಳಿಸುವುದಿಲ್ಲ, ಫೋನೇ ಮಾಡುತ್ತೇನೆ" ಎಂದು ಎರಡು ಸಲ ಹೇಳಿದರು. ಎರಡನೆಯ ಸಲ ವ್ಯಾಸರಾಜನನ್ನು ನೋಡಿಕೊಂಡು.

ಶನಿವಾರ ಮನೆಯಲ್ಲಿ ಮಾತಿಲ್ಲ. ಕುಕ್ಕರ್ ಕೂಗಿದರೂ ವ್ಯಾಸರಾಜ ಬೆಚ್ಚುತ್ತಿದ್ದ. ರಾಯರ ಫೋಟೋದ ಮುಂದೆ ಎರಡು ಹೊತ್ತೂ ಕೂತ. ಆದರೆ ಏನೆಂದು ಬೇಡುವುದು? ಗುರುತು ಪರಿಚಯವಿಲ್ಲದ ಒಬ್ಬರ ಸೀಟು ತಪ್ಪಲಿ ಎನ್ನಲು ಬಾಯಿ ಬರಲಿಲ್ಲ. ಬಹಳ ಯೋಚಿಸಿ, "ಅವರಿಗೆ ಇದಕ್ಕಿಂತ ದೊಡ್ಡ ಕಾಲೇಜು ಸಿಗಲಿ. ಬರ್ಕ್ಲಿಯೇ ಸಿಗಲಿ. ಫೀಸು ಪೂರ್ತಿ ಮಾಫಿಯಾಗಲಿ" ಎಂದು ಕೈಮುಗಿದ.

"ಬರ್ಕ್ಲಿನಲ್ಲಿ ನರ್ಸಿಂಗ್ ಇಲ್ಲ, ಅಪ್ಪಾ" ಎಂದಳು ಹಿಂದಿನಿಂದ ವಿಭಾ. ರಾಯರಿಗೆ ಅರ್ಜಿಯನ್ನು ತಿದ್ದಿ ಮತ್ತೆ ಸಲ್ಲಿಸಬೇಕಾಯಿತು.

ಭಾನುವಾರ ಮಧ್ಯಾಹ್ನ ಗಡಿಯಾರ ಹನ್ನೆರಡು ದಾಟಿತು. ಪದ್ಮಜಾ ಒಗೆದ ಬಟ್ಟೆ ಮಡಿಸುತ್ತಿದ್ದಳು. ವ್ಯಾಸರಾಜ ಪಕ್ಕದಲ್ಲಿ ಕೂತು ಕಾಲುಚೀಲಗಳ ಜೋಡಿ ಹುಡುಕತೊಡಗಿದ.

"ಆ ಮುಂದಿನವಳೂ ನನ್ ಥರಾನೇ ಫೋನ್ ಹಿಡ್ಕೊಂಡು ಕೂತಿದ್ದಳೋ ಏನೋ" ಎಂದಳು ಪದ್ಮಜಾ, ಎರಡು ದಿನದ ಮೇಲೆ. "ಅವಳಿಗೆ ತಪ್ಪಲಿ ಅಂತ ನಾನು ಹೆಂಗ್ರೀ ಬೇಡ್ಕೊಳ್ಳಲಿ?"

"ತಪ್ಪೆಲ್ಲ ನಂದೇ ಪದ್ದು."

"ನಿಮ್ದೇ. ಅದರಲ್ಲಿ ಡೌಟೇ ಇಲ್ಲ." ಒಂದು ಟವೆಲ್ಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ಸೀಟು ಹೋಗತ್ತೆ ಅಂತ ಅಲ್ಲ ನಂಗೆ ಹೆದರಿಕೆ. ಹೋದ್ರೂ ಮತ್ತೆ ಡೇಕೇರಿಗೆ ಹೋಗಿ ಏನೂ ಆಗೇ ಇಲ್ಲ ಅನ್ನೋ ಹಾಗೆ ನಗ್ತಾ ಇರ್ತೀನಲ್ಲ, ನಂಗೊತ್ತು. ಅದು ಹೆದರಿಕೆ."

ವ್ಯಾಸರಾಜ ಕೈಯಲ್ಲಿದ್ದ ಒಂಟಿ ಕಾಲುಚೀಲವನ್ನು ಸುತ್ತುತ್ತ ಕುಳಿತ.

ಸೋಮವಾರ ಇಬ್ಬರೂ ರಜೆ ಹಾಕಿದರು. ವಿಭಾ ಸ್ಕೂಲಿಗೆ ಹೋದಳು. ಫೋನು ಊಟದ ಮೇಜಿನ ನಟ್ಟನಡುವೆ ಮಲಗಿತ್ತು. ಒಂಬತ್ತಾಯಿತು. ಹತ್ತಾಯಿತು. ಹತ್ತೂ ಇಪ್ಪತ್ತಕ್ಕೆ ಅದು ಗಡಗಡ ನಡುಗಿತು. ಗೊತ್ತಿಲ್ಲದ ನಂಬರು. ವ್ಯಾಸರಾಜನ ಕೈ ತಾನಾಗಿಯೇ ಮುಂದೆ ಹೋಯಿತು.

"ಮುಟ್ಟಿದ್ರೆ ನೋಡಿ!"

ಕೈ ತಾನಾಗಿಯೇ ಹಿಂದೆ ಬಂತು.

ಪದ್ಮಜಾ ಫೋನು ಕಿವಿಗಿಟ್ಟಳು. "ಯೆಸ್" ಎಂದಳು. "ಯೆಸ್." ಆಮೇಲೆ ಕೇಳಿಸಿಕೊಳ್ಳುತ್ತಲೇ ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕುಸಿದಳು. ವ್ಯಾಸರಾಜನೂ ಎದುರಿಗೇ ನೆಲದ ಮೇಲೆ ಕೂತ. ಮುಗಿಯಿತು, ಹೋಯಿತು, ಇನ್ನು ಜೀವಮಾನವಿಡೀ ಈ ಮುಖ ನೋಡಬೇಕು ಎಂದುಕೊಳ್ಳುತ್ತಿರುವಾಗ ಅವಳು ಅಳುತ್ತಲೇ ಕೇಳಿದಳು: "ಆ ಇನ್ನೊಬ್ಬರು? ಅವರು ಯಾಕೆ ಬಿಟ್ಟರು? ಚೆನ್ನಾಗಿದ್ದಾರಾ?"

ಅದನ್ನು ಹೇಳುವ ಹಾಗಿಲ್ಲ ಎಂದರು ಮಾರಿಸೆಲ್. ಒಂದು ಗಳಿಗೆ ತಡೆದು, ಆದರೆ ಚಿಂತೆ ಮಾಡಬೇಡಿ ಎಂದೂ ಸೇರಿಸಿದರು.

ಆಗಸ್ಟಿನಲ್ಲಿ ಕ್ಲಾಸು ಶುರುವಾಯಿತು. ಎರಡನೆಯ ವಾರದ ಶನಿವಾರ ಪದ್ಮಜಾ ನೀಲಿ ಅಂಗಿ ತೊಟ್ಟು, ಹೊಸ ಸ್ಟೆಥಾಸ್ಕೋಪು ಕೊರಳಿಗೆ ಹಾಕಿಕೊಂಡು ಗಂಡನ ಮುಂದೆ ಕುರ್ಚಿ ಎಳೆದುಕೊಂಡಳು. ಮನೆಯವರ ಬಿ.ಪಿ. ನೋಡಿ ಬರೆದುಕೊಂಡು ಹೋಗುವುದು ಮೊದಲ ಹೋಮ್‌ವರ್ಕು.

"ಇದರಲ್ಲಿ ಏನಿದೆ ಪದ್ದು, ಪಟ್ಟಿ ಸುತ್ತೋದಕ್ಕೆ ಒಂದು ಟೆಕ್ನಿಕ್ಕಿದೆ, ನಾನು ವಿಡಿಯೋದಲ್ಲಿ..." ಎಂದು ವ್ಯಾಸರಾಜ ಬಾಯಿ ತೆರೆದ.

"ಮಾತಾಡಬಾರದು" ಎಂದಳು ಪದ್ಮಜಾ, ತೋಳಿಗೆ ಪಟ್ಟಿ ಬಿಗಿಯುತ್ತ. "ಪೇಷಂಟು ಮಾತಾಡಿದ್ರೆ ರೀಡಿಂಗ್ ಜಾಸ್ತಿ ಬರತ್ತೆ. ಐದು ನಿಮಿಷ ಬಾಯಿ ಮುಚ್ಕೊಂಡು ಸುಮ್ನೆ ಕೂತಿರ್ಬೇಕು. ಪುಸ್ತಕದಲ್ಲೇ ಇದೆ."

ಮದುವೆಯಾದಾಗಿನಿಂದ ಆ ಮನೆಯಲ್ಲಿ ಯಾರಿಗೂ ಸಾಧ್ಯವಾಗದ ಕೆಲಸ ಅದು. ವ್ಯಾಸರಾಜ ಬಾಯಿ ಮುಚ್ಚಿದ. ಐದು ನಿಮಿಷವೂ ಮುಚ್ಚಿಕೊಂಡೇ ಇದ್ದ.

ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ ವಿಭಾ ಕೇಳಿದಳು: "ಅಮ್ಮಾ, ಇದನ್ನ ಎವ್ರಿ ಡೇ ಮಾಡಬಹುದಾ?"